ಮೊದಲು ಕೇಳಿ, ಮತ್ತೆ ಕೇಳಿ, ಆಮೇಲೆ ಮಾತಾಡಿ

ಹವ್ಯಾಸಿಗಳ ರೇಡಿಯೊ, ಅಂದರೆ ಹ್ಯಾಮ್ ರೇಡಿಯೊ ಪರೀಕ್ಷೆ ಪಾಸಾಗಿ, ವಿಯು2 ಅಥವಾ ವಿಯು3ಯಿಂದ ಶುರುವಾಗುವ ಕಾಲ್‌ಸೈನ್ (ಗಾಳಿಯಲ್ಲಿ ನಿಮ್ಮ ಗುರುತಿನ ಹೆಸರು) ಕೈಗೆ ಬಂದ ದಿನ ಎಲ್ಲರಿಗೂ ಒಂದೇ ಆತುರ: ಮೈಕ್ ಹಿಡಿಯಬೇಕು. ಸ್ವಲ್ಪ ತಡೆಯಿರಿ. ಎಲ್ಲಿ ಮಾತಾಡಬೇಕು ಎಂದು ಮೊದಲು ನೋಡೋಣ.

ಹ್ಯಾಮ್‌ಗಳಿಗೆ ಬಿಟ್ಟ ಫ್ರೀಕ್ವೆನ್ಸಿ ಪಟ್ಟಿಗಳಿಗೆ ಬ್ಯಾಂಡ್ ಎನ್ನುತ್ತಾರೆ. 20 ಮೀಟರ್ ಬ್ಯಾಂಡನ್ನೇ ತೆಗೆದುಕೊಳ್ಳಿ. 14.000ರಿಂದ 14.350 ಮೆಗಾಹರ್ಟ್ಸ್, ಅಂದರೆ ಬರೀ 350 ಕಿಲೋಹರ್ಟ್ಸ್. ಪ್ರಪಂಚದ ಹ್ಯಾಮ್‌ಗಳೆಲ್ಲ ಇಷ್ಟರಲ್ಲೇ ಹೊಂದಿಕೊಳ್ಳಬೇಕು. ಇಲ್ಲಿ ಮೈಕ್‌ನಲ್ಲಿ ಮಾತಾಡಲು ಬಳಸುವ ಎಸ್‌ಎಸ್‌ಬಿ ವಿಧಾನದಲ್ಲಿ ಒಬ್ಬರ ಮಾತಿಗೆ ಸುಮಾರು 3 ಕಿಲೋಹರ್ಟ್ಸ್ ಬೇಕು. ಕಟ್-ಕಡ ಸಂಕೇತದ ಮೋರ್ಸ್‌ಗೆ 150 ಹರ್ಟ್ಸ್ ಇದ್ದರೆ ಸಾಕು. ಕಂಪ್ಯೂಟರ್ ಮೂಲಕ ಚುಟುಕು ಸಂದೇಶ ಕಳಿಸುವ ಎಫ್‌ಟಿ8ಗೆ 50 ಹರ್ಟ್ಸ್! ಎಲ್ಲರೂ ಸಿಕ್ಕಸಿಕ್ಕಲ್ಲಿ ಕೂತರೆ ಒಬ್ಬರ ಹರಟೆಯಡಿ ಹತ್ತಾರು ಮೋರ್ಸ್ ಮಾತುಕತೆ ಹೂತುಹೋಗುತ್ತದೆ. ಅದಕ್ಕೇ ಬ್ಯಾಂಡ್ ಪ್ಲ್ಯಾನ್. ಬ್ಯಾಂಡಿನ ಬೇಲಿ ಹಾಕುವುದು ಸರ್ಕಾರ. ಬೇಲಿಯೊಳಗೆ ಯಾರ ಜಾಗ ಎಲ್ಲಿ ಎನ್ನುವುದು ಹ್ಯಾಮ್‌ಗಳೇ ಮಾಡಿಕೊಂಡ ಒಪ್ಪಂದ. 1925ರಲ್ಲಿ ಶುರುವಾದ ಅಂತರರಾಷ್ಟ್ರೀಯ ಹ್ಯಾಮ್ ಒಕ್ಕೂಟ ಐಎಆರ್‌ಯು ಇದನ್ನು ಮೂರು ವಲಯಗಳಿಗೆ ಮಾಡುತ್ತದೆ. ನಮ್ಮದು ಮೂರನೆಯದು.

ಮೊದಲ ಕೆಲಸ: ಈ ಪ್ಲ್ಯಾನನ್ನು ಒಂದು ಚೀಟಿಯಲ್ಲಿ ಬರೆದು ರಿಗ್ (ರೇಡಿಯೊ ಸೆಟ್) ಪಕ್ಕ ಅಂಟಿಸಿ. ಬ್ಯಾಂಡಿನ ಕೆಳಗಡೆ ಮೋರ್ಸ್. 14.070ರಿಂದ ಡಿಜಿಟಲ್; 14.074ರಲ್ಲಿ ಎಫ್‌ಟಿ8 ಜಾತ್ರೆ. 14.100 ಮುಟ್ಟಬೇಡಿ, ಅದು ಬೀಕನ್‌ಗಳದ್ದು, ಅಂದರೆ ಬ್ಯಾಂಡ್ ಹೇಗಿದೆ ಅಂತ ತಿಳಿಯಲೆಂದೇ ತಾವಾಗಿ ಸಂಕೇತ ಕಳಿಸುವ ನಿಲ್ದಾಣಗಳದ್ದು. ಒಟ್ಟು 18 ನಿಲ್ದಾಣಗಳಿಗೆ ಸರದಿಯಂತೆ ಹತ್ತತ್ತು ಸೆಕೆಂಡು. ಕೊಲಂಬೊದ 4ಎಸ್7ಬಿಯೂ ಅದರಲ್ಲಿದೆ. ಕಾಲ್‌ಸೈನ್ ಆದಮೇಲೆ ನಾಲ್ಕು ಉದ್ದ ಬೀಪ್: 100 ವ್ಯಾಟ್, 10, 1, ಕೊನೆಗೆ 0.1. ಎಷ್ಟನೇ ಬೀಪ್‌ವರೆಗೆ ಕೇಳಿಸಿತು ಎನ್ನುವುದರಲ್ಲೇ ಇವತ್ತು ಬ್ಯಾಂಡ್ ಹೇಗಿದೆ ಅಂತ ತಿಳಿಯುತ್ತದೆ. ಇದರ ಮೇಲಿನದು ಮಾತಿನ ಜಾಗ. ಅಲ್ಲೂ 14.300 ತುರ್ತು ಸಂದರ್ಭಕ್ಕೆ.

ಈಗ ನಾಬ್ ತಿರುಗಿಸಿ. ಸದ್ದಿಲ್ಲದ ಕಡೆ ನಿಲ್ಲಿಸಿ, ಒಂದು ನಿಮಿಷ ಕಿವಿಗೊಡಿ. ಖಾಲಿ ಇದೆ ಅನಿಸುತ್ತೆ ಅಲ್ವಾ? ನನಗೂ ಹಾಗೇ ಅನಿಸಿತ್ತು. ಸುಮ್ನೆ ಸಿಕ್ಯೂ (‘ಯಾರಾದರೂ ಮಾತಿಗೆ ಬನ್ನಿ’) ಕರೆಯತೊಡಗಿದೆ. ದೂರದಿಂದ ಯಾರೋ ಗದರಿದರು. ಅವರು ಹುಬ್ಬಳ್ಳಿಯ ಹ್ಯಾಮ್ ಜತೆ ಮಾತಾಡುತ್ತಿದ್ದರಂತೆ. ಬೆಂಗಳೂರಿನಲ್ಲಿದ್ದ ನನಗೆ ಹುಬ್ಬಳ್ಳಿ ಕೇಳಿಸಿರಲೇ ಇಲ್ಲ. ಈ ಬ್ಯಾಂಡಿನ ಅಲೆ ಮೇಲಿನ ವಾತಾವರಣದ ಅಯಾನುಗೋಳಕ್ಕೆ ಬಡಿದು ತುಂಬಾ ದೂರದಲ್ಲಿ ಇಳಿಯುತ್ತದೆ. ಹತ್ತಿರದ ಊರುಗಳನ್ನು ಹಾರಿಯೇ ಹೋಗುತ್ತದೆ. ಅದಕ್ಕೇ ಕಿವಿಗೊಟ್ಟರೆ ಸಾಲದು, ಬಾಯಿಬಿಟ್ಟೂ ಕೇಳಬೇಕು. ‘ಈಸ್ ದಿಸ್ ಫ್ರೀಕ್ವೆನ್ಸಿ ಇನ್ ಯೂಸ್?’ (ಇಲ್ಲಿ ಯಾರಾದರೂ ಇದ್ದೀರಾ?) ಅಂತ ಎರಡು ಸಲ, ನಡುವೆ ಸ್ವಲ್ಪ ಬಿಡುವು ಕೊಟ್ಟು. ಮೋರ್ಸ್‌ನಲ್ಲಾದರೆ ಅದೇ ಅರ್ಥದ ‘ಕ್ಯೂಆರ್‌ಎಲ್?’ ಸಾಕು. ‘ಯೆಸ್’ ಬಂದರೆ ವಾದ ಬೇಡ, ಮೂರ್ನಾಲ್ಕು ಕಿಲೋಹರ್ಟ್ಸ್ ಸರಿಯಿರಿ.

ಅಂಚಿನಲ್ಲಿ ಹುಷಾರು. ಈ ಬ್ಯಾಂಡಿನಲ್ಲಿ ಬಳಸುವ ಎಸ್‌ಎಸ್‌ಬಿ ಬಗೆ ಯುಎಸ್‌ಬಿ; ಅದರಲ್ಲಿ ಮಾತು ಡಯಲ್ ಅಂಕಿಯಿಂದ ಮೇಲಕ್ಕೆ ಹರಡುತ್ತದೆ. ಹಾಗಾಗಿ ಡಯಲ್ 14.349 ತೋರಿಸಿದರೂ ನಿಮ್ಮ ಮಾತು 14.351 ದಾಟಿರುತ್ತದೆ. ಅಲ್ಲಿಗೆ ಒಪ್ಪಂದ ಮುರಿದದ್ದಲ್ಲ, ಬೇಲಿಯನ್ನೇ ಹಾರಿದ್ದು.

ಅಪರೂಪದ ದ್ವೀಪದ ಹ್ಯಾಮ್‌ ಸಿಕ್ಕು ‘ಅಪ್ 5’ ಎಂದು ಹೇಳಿದರೆ, ಅವರು ಕಿವಿಗೊಡುವುದು 5 ಕಿಲೋಹರ್ಟ್ಸ್ ಮೇಲೆ; ಅಲ್ಲೇ ಕರೆಯಿರಿ. ಅವರ ಫ್ರೀಕ್ವೆನ್ಸಿಯಲ್ಲೇ ಕೂಗಿದರೆ ಅವರ ಉತ್ತರ ಯಾರಿಗೂ ಕೇಳುವುದಿಲ್ಲ.

ಕೈಲಿ ಹಿಡಿಯುವ ಸೆಟ್ ಇದ್ದವರಿಗೂ ಒಂದು ಮಾತು. 2 ಮೀಟರ್ ಬ್ಯಾಂಡಿನಲ್ಲಿ 145.800ರಿಂದ 146.000 ಉಪಗ್ರಹಗಳಿಗೆ ಬಿಟ್ಟ ಜಾಗ. ಅಲ್ಲಿ ‘ಊಟ ಆಯ್ತಾ’ ಅಂತ ಗೆಳೆಯರನ್ನು ಕೇಳಿದರೆ, ತಲೆ ಮೇಲೆ ಹೋಗುತ್ತಿರುವ ಉಪಗ್ರಹ ಅದನ್ನು ಹಿಡಿದು ಸಾವಿರಾರು ಕಿಲೋಮೀಟರ್ ಅಗಲಕ್ಕೆ ಕೇಳಿಸಿಬಿಡಬಹುದು.