ನಮ್ಮ ಮದುವೆಯ ವರ್ಷದ ಪೋರ್ಟ್ ವೈನ್

ನಾವು ಮದುವೆಯಾಗಿದ್ದು 1994ರಲ್ಲಿ. ಅದೇ ವರ್ಷದ ಒಂದು ವಿಂಟೇಜ್ ಪೋರ್ಟ್ ಬಾಟಲಿ ಇಂಗ್ಲೆಂಡಿನ ಲೀಡ್ಸ್‌ನ ನಮ್ಮ ಮನೆಯ ಮೆಟ್ಟಿಲ ಕೆಳಗೆ ಹನ್ನೆರಡು ವರ್ಷ ಮಲಗಿತ್ತು. ಪೋರ್ಚುಗಲ್ ನೋಡಲು ಹೋದಾಗ ಕೊಂಡಿದ್ದು. ಪೋರ್ಟ್ ಅಂದರೆ ಅಲ್ಲಿಯ ಸಿಹಿಯಾದ, ಖಡಕ್ ವೈನ್; ವಿಂಟೇಜ್ ಅಂದರೆ ಒಂದೇ ಒಳ್ಳೆಯ ವರ್ಷದ ದ್ರಾಕ್ಷಿಯಿಂದ ಮಾಡಿದ್ದು. ಪೋರ್ಟೊ ಊರಿನ ಎದುರು ದಡದಲ್ಲಿ, ದೌರು ನದಿಯ ಆಚೆ, ವಿಲಾ ನೋವಾ ದೆ ಗಾಯಾ ಅಂತ ಊರಿದೆ. ವೈನ್ ಹಣ್ಣಾಗುವ ಹಳೇ ಉಗ್ರಾಣಗಳು ಹೆಚ್ಚಾಗಿ ಅಲ್ಲೇ. 2024ರ ಜೂನ್‌ನಲ್ಲಿ ಮೂವತ್ತು ವರ್ಷ ತುಂಬಿತು, ಬಾಟಲಿ ತೆರೆಯೋಣ ಅಂದುಕೊಂಡೆವು.

ಎರಡು ದಿನ ಮೊದಲೇ ಅದನ್ನು ಎತ್ತಿ ನೆಟ್ಟಗೆ ನಿಲ್ಲಿಸಿದೆ. ಈ ಹೆಜ್ಜೆ ಬಿಡಲೇಬಾರದು. ವಿಂಟೇಜ್ ಪೋರ್ಟನ್ನು ಎರಡು ಮೂರು ವರ್ಷ ಮರದ ಪೀಪಾಯಿಯಲ್ಲಿಟ್ಟು, ಸೋಸದೆ ಬಾಟಲಿಗೆ ತುಂಬುತ್ತಾರೆ. ಆಮೇಲೆ ಅದು ಹಣ್ಣಾಗುವುದೆಲ್ಲ ಗಾಜಿನೊಳಗೇ. ಅಷ್ಟು ವರ್ಷದ ಗಸಿ ಒಂದು ಬದಿಗೆ ಪದರ ಕಟ್ಟಿರುತ್ತದೆ. ಅದು ತಳಕ್ಕೆ ಇಳಿಯಲು ಸಮಯ ಬೇಕು.

ಕಾರ್ಕ್ ಅರ್ಧಕ್ಕೇ ಮುರಿಯಿತು. ಎದೆ ಧಸಕ್ಕೆಂದಿತು. ಉಳಿದ ತುಂಡನ್ನು ಮೆಲ್ಲಗೆ ಒಳಗೆ ತಳ್ಳಿ, ತೆಳು ಹತ್ತಿ ಬಟ್ಟೆಯನ್ನು ಬಿಸಿನೀರಲ್ಲಿ ಜಾಲಿಸಿ (ಸೋಪಿನ ವಾಸನೆ ಒಂದಿಷ್ಟೂ ಇರಬಾರದು) ಡಿಕ್ಯಾಂಟರ್ (ವೈನ್ ಬಗ್ಗಿಸಿಡುವ ಗಾಜಿನ ಹೂಜಿ) ಬಾಯಿಗೆ ಕಟ್ಟಿದೆ. ಬಾಟಲಿಯ ಕತ್ತಿನ ಹಿಂದೆ ಟಾರ್ಚ್ ಹಿಡಿಯಲು ಹೆಂಡತಿಗೆ ಹೇಳಿದೆ. ಅನ್ನದ ಗಂಜಿ ಬಸಿಯುವ ಹಾಗೇ, ಕೈ ನಡುಗಿಸದೆ ಒಂದೇ ಧಾರೆಯಲ್ಲಿ ಸುರಿಯಬೇಕು. ಮೊದಲು ತಿಳಿಯಾದ ಮಾಣಿಕ್ಯದ ಬಣ್ಣ. ಕೊನೆಗೆ ಬೆಳಕಿನಲ್ಲಿ ಕಾಫಿ ಗಷ್ಟಿನಂಥ ಕಪ್ಪು ಎಳೆ ಕತ್ತಿನತ್ತ ಬಂತು. ಅಲ್ಲಿಗೇ ನಿಲ್ಲಿಸಿದೆ. ಎರಡು ಬೆರಳಷ್ಟು ಬಾಟಲಿಯಲ್ಲೇ ಬಿಟ್ಟೆ, ಬೇಜಾರಾಗಲಿಲ್ಲ.

ಸುರಿದ ಕೂಡಲೇ ಮೂಗಿಗೆ ಬಡಿದಿದ್ದು ಬರೀ ಸ್ಪಿರಿಟ್. ಹುದುಗು ಪೂರ್ತಿ ಆಗುವ ಮೊದಲೇ ದ್ರಾಕ್ಷಿಯ ಬ್ರಾಂಡಿ ಬೆರೆಸಿ ತಡೆಯುತ್ತಾರಲ್ಲ, ಸಿಹಿ ಉಳಿಯುವುದೂ ಅದರಿಂದಲೇ, ಆಲ್ಕೋಹಾಲ್ ಸುಮಾರು 20% ಆಗುವುದೂ ಅದರಿಂದಲೇ. ಒಂದೂವರೆ ಗಂಟೆ ಬಿಟ್ಟ ಮೇಲೆ ಒಣ ಅಂಜೂರ, ಚಹಾ ಎಲೆ, ಹಳೇ ಮರದ ಪೆಟ್ಟಿಗೆಯ ಪರಿಮಳ ಬಂತು. ಮನೆ ಬೆಚ್ಚಗಿತ್ತು, ಹಾಗಾಗಿ ಕೊಡುವ ಮೊದಲು ಕಾಲು ಗಂಟೆ ಫ್ರಿಜ್‌ನಲ್ಲಿಟ್ಟೆ. 16ರಿಂದ 18 ಡಿಗ್ರಿ ಇದ್ದರೆ ಚೆಂದ. ಜಾಸ್ತಿ ಬೆಚ್ಚಗಾದರೆ ಸ್ಪಿರಿಟ್ಟೇ ಮುಂದೆ ಬರುತ್ತದೆ.

ಊಟಕ್ಕೆ ಬಿಸಿಬೇಳೆಬಾತ್ ಇತ್ತು. ನಾಲಿಗೆ ಉರಿಯುವಾಗ ಪೋರ್ಟ್ ಕುಡಿದರೆ ಉರಿ ಇನ್ನೂ ಏರುತ್ತದೆ, ಅದಕ್ಕೇ ಅರ್ಧ ಗಂಟೆ ಸುಮ್ನೆ ಮಾತಾಡುತ್ತ ಕೂತೆವು. ಆಮೇಲೆ ಸ್ಟಿಲ್ಟನ್ ಚೀಸ್, ಆಕ್ರೋಟ, ಊರಿಂದ ತಂದಿದ್ದ ಬಳ್ಳಾರಿಯ ಒಣ ಅಂಜೂರ. ಸ್ಟಿಲ್ಟನ್‌ನ ಉಪ್ಪು ಸಿಹಿಯನ್ನು ಹಿಡಿದೆತ್ತಿತು. ಆದರೆ ಚೂರೇ ಚೂರು ಸಾಕು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹುರಿದ ಆಕ್ರೋಟ. ಸ್ನೇಹಿತರು ತಂದ ಮೈಸೂರು ಪಾಕ್ ಹೊಂದಲಿಲ್ಲ. ಬಾಯಿಗೆ ತುಪ್ಪ ಅಂಟಿಕೊಂಡ ಮೇಲೆ ವೈನ್ ತೆಳುವಾಗಿಬಿಟ್ಟಿತು. ಚಾಕೊಲೇಟನ್ನು ಎಳೆಯ ರೂಬಿ ಪೋರ್ಟ್‌ಗೆ ಇಟ್ಟುಕೊಳ್ಳಿ, ಇಷ್ಟು ಹಳೆಯದರ ನಾಜೂಕು ಅದರ ಮುಂದೆ ಮುಚ್ಚಿಹೋಗುತ್ತದೆ.

ಬೆರಳುದ್ದದ ಗ್ಲಾಸ್ ಬೇಡ, ಪರಿಮಳಕ್ಕೆ ಜಾಗವೇ ಇರುವುದಿಲ್ಲ. ಸಣ್ಣ ವೈನ್ ಗ್ಲಾಸಿಗೆ ಮೂರನೇ ಒಂದು ಭಾಗ ಹಾಕಿದೆ. ಆರು ಜನಕ್ಕೆ ಧಾರಾಳವಾಯಿತು.

ಪೀಪಾಯಿಯಲ್ಲೇ ವರ್ಷಗಟ್ಟಲೆ ಹಣ್ಣಾಗುವ ಟಾನಿ ಪೋರ್ಟ್ ತೆರೆದ ಮೇಲೂ ಕೆಲವು ವಾರ ಇರುತ್ತದೆ. ಆದರೆ ವಿಂಟೇಜ್ ಎರಡು ಮೂರು ದಿನದಲ್ಲಿ ಸೊರಗುತ್ತದೆ. ಉಳಿದ ಒಂದು ಗ್ಲಾಸನ್ನು ಮಾರನೇ ದಿನ ಸಂಜೆ ನಾವಿಬ್ಬರೇ ಹಂಚಿಕೊಂಡೆವು. ಸ್ಪಿರಿಟ್ಟಿನ ಬಿಸಿ ಇಳಿದಿತ್ತು, ಅಂಜೂರದ ವಾಸನೆ ಹಾಗೇ ಇತ್ತು. ಹೆಂಡತಿಗೆ ಮೊದಲ ದಿನಕ್ಕಿಂತ ಅದೇ ಇಷ್ಟವಾಯಿತು.