ಟೇಸ್ಟಿಂಗ್ ಮೆನು ಊಟಕ್ಕೆ ಹೊರಟ ನಮ್ಮ ಕಾಸರಗೋಡಿನ ಕಡೆಯವರಿಗೆ

ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯವರು ಈಗ ಸುಮಾರು ಜನ ಕೇಳ್ತಾರೆ, ಮಗ ದುಬೈಯಲ್ಲಿದ್ದಾನೆ, ಅದೆಂತದೋ ಹದಿನೈದು ಬಗೆಯ ಊಟಕ್ಕೆ ಕರ್ಕೊಂಡು ಹೋಗ್ತಾನಂತೆ, ಅಲ್ಲಿ ಎಂತ ಕೇಳುವುದು, ಹೇಗೆ ತಿನ್ನುವುದು, ಹೊಟ್ಟೆ ತುಂಬ್ತದಾ ಅಂತ. ನಾನು ಮನೆಯವರ ಜೊತೆ ಎರಡು ಸಲ ಇಂಥ ಊಟಕ್ಕೆ ಹೋಗಿದ್ದೇನೆ, ಮೊದಲ್ನೇ ಸಲ ಬೇಜಾರಾಯ್ತು, ಎರಡನೇ ಸಲ ತುಂಬಾ ಚಂದ ಆಯ್ತು, ಆ ಎರಡರಲ್ಲಿ ಕಲ್ತದ್ದನ್ನು ಇಲ್ಲಿ ಬರೀತೇನೆ.

ಟೇಸ್ಟಿಂಗ್ ಮೆನು ಅಂದ್ರೆ ನೀವು ಆರ್ಡರ್ ಮಾಡ್ಲಿಕ್ಕಿಲ್ಲ. ಅಡುಗೆಯವರೇ ಕ್ರಮ ಹಾಕಿರ್ತಾರೆ, ಸಣ್ಣ ಸಣ್ಣ ತಟ್ಟೆ ಒಂದರ ಹಿಂದೆ ಒಂದು ಬರ್ತದೆ. ಹೆದರುವಂಥದ್ದು ಏನೂ ಇಲ್ಲ, ಯಾಕಂದ್ರೆ ಇದನ್ನು ನಾವು ಹುಟ್ಟಿದಾಗಿಂದ ಮಾಡ್ತಾ ಬಂದಿದ್ದೇವೆ. ಅನುಪತ್ಯದ (ಮನೆಯ ಕಾರ್ಯಕ್ರಮದ) ಹಂತಿಯಲ್ಲಿ, ಅಂದ್ರೆ ಊಟದ ಸಾಲಿನಲ್ಲಿ ಕೂತಾಗ ಮೆನು ಯಾರು ಕೇಳ್ತಾರೆ? ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಆಮೇಲೆ ಅನ್ನ ತೊವ್ವೆ, ಸಾರು, ಕೊದ್ದೆಲು, ಮೆಣಸ್ಕಾಯಿ, ಮೇಲಾರ, ಹೋಳಿಗೆ, ಪಾಯಸ, ಕೊನೆಗೆ ಮಜ್ಜಿಗೆ. ಖಾರ ಆದ್ಮೇಲೆ ಸಿಹಿ, ಸಿಹಿ ಆದ್ಮೇಲೆ ಮಜ್ಜಿಗೆ, ಅದರಲ್ಲೊಂದು ಲೆಕ್ಕ ಉಂಟು. ಇಲ್ಲಿಯೂ ಅದೇ ಲೆಕ್ಕ. ಒಂದೇ ದೊಡ್ಡ ವ್ಯತ್ಯಾಸ ಎಂತ ಅಂದ್ರೆ ಹಂತಿಯಲ್ಲಿ ಬಡಿಸುವವರು ಬಕೆಟ್ ಹಿಡ್ಕೊಂಡು ಬಂದಾಗ ಕೈ ಅಡ್ಡ ಹಿಡಿದ್ರೆ ಮುಗೀತು, ಇಲ್ಲಿ ಬೇಡ ಅನ್ನುವುದನ್ನು ಎರಡು ಮೂರು ದಿನ ಮೊದ್ಲೇ ಹೇಳ್ಬೇಕು.

ನಮ್ಮ ಮೊದಲ್ನೇ ಸಲದ ಬೇಜಾರು ಅದೇ. ಬುಕ್ ಮಾಡುವಾಗ ನಾನು ವೆಜ್ ಅಂತ ಮಾತ್ರ ಬರೆದಿದ್ದೆ. ಅಪ್ಪ ಮೊಟ್ಟೆ ತಿನ್ನುವುದಿಲ್ಲ, ನೀರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮೂರನೇ ತಟ್ಟೆ ಬಂದಾಗ ಕೇಳಿದ್ರೆ ಅದರಲ್ಲಿ ಮೊಟ್ಟೆಯ ಬಿಳಿ ಉಂಟಂತೆ, ಐದನೆಯದ್ದರಲ್ಲಿ ಬೆಳ್ಳುಳ್ಳಿ, ಬದ್ಲಿಸಿ ಕೊಡ್ಲಿಕ್ಕೆ ಆಗುವುದಿಲ್ಲ ಎಲ್ಲ ಮೊದ್ಲೇ ರೆಡಿ ಮಾಡಿ ಇಟ್ಟದ್ದು ಅಂತ ಹೇಳಿದ್ರು. ಅಪ್ಪ ಏನೂ ಹೇಳ್ಲಿಲ್ಲ, ಚಮಚವನ್ನು ತಟ್ಟೆಯ ಬದಿಗೆ ಸರಿಯಾಗಿ ಇಟ್ಟು ನೀರು ಕುಡಿದು ಕೂತ್ರು. ಆ ಚಮಚ ಇಟ್ಟ ರೀತಿ ನನಗೆ ಇವತ್ತೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು.

ಹಾಗಾಗಿ ಬುಕ್ ಮಾಡಿದ ಮೇಲೆ ಫೋನ್ ಮಾಡಿ ಒಬ್ಬೊಬ್ಬರ ಲೆಕ್ಕದಲ್ಲಿ ಬಿಡಿಸಿ ಹೇಳಿ. ಮೊಟ್ಟೆ ಆಗ್ತದಾ ಇಲ್ವಾ, ನೀರುಳ್ಳಿ ಬೆಳ್ಳುಳ್ಳಿ, ಅಣಬೆ, ನೆಲಗಡಲೆ ಅಲರ್ಜಿ, ಮೀನು ಆಗ್ತದೆ ಸಿಗಡಿ ಆಗುವುದಿಲ್ಲ, ಹೀಗೆ. ಜೆಲಾಟಿನ್ ಬಗ್ಗೆ ತಪ್ಪದೆ ಕೇಳಿ, ಅದು ಪ್ರಾಣಿಗಳ ಚರ್ಮ ಎಲುಬಿನಿಂದ ತೆಗೆಯುವುದು, ಪುಡ್ಡಿಂಗ್ ಗಟ್ಟಿ ಮಾಡ್ಲಿಕ್ಕೆ ಹಾಕ್ತಾರೆ, ಕಡಲಪಾಚಿಯಿಂದ ಮಾಡುವ ಅಗರ್ ಅಗರ್ ಹಾಕಿದ್ರೆ ತೊಂದ್ರೆ ಇಲ್ಲ. ಇಟಲಿಯ ಅಸಲಿ ಪಾರ್ಮೆಸಾನ್ ಚೀಸ್‌ನಲ್ಲಿ ಹಾಲು ಗಟ್ಟಿ ಮಾಡ್ಲಿಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಹಾಕಿರ್ತಾರೆ. ಸಾಸ್‌ಗೆ ವೈನ್ ಹಾಕುವುದೂ ಮಾಮೂಲು, ಹಲಾಲ್ ನೋಡುವವರು ಮಾಂಸದ ಜೊತೆ ಅದನ್ನೂ ಕೇಳ್ಬೇಕು. ಸಂಕೋಚ ಬೇಡ ಮಾರಾಯ್ರೇ, ಮೊದ್ಲೇ ಹೇಳಿದ್ರೆ ಒಳ್ಳೆ ಅಡುಗೆಯವರಿಗೆ ಖುಷಿಯೇ ಆಗುವುದು.

ಎಲ್ಲಿಗೆ ಹೋಗುವುದು ಅಂದ್ರೆ, ನಮ್ಮ ಕಡೆಯ ಹಿರಿಯರನ್ನು ಕರ್ಕೊಂಡು ಹೋಗುವವರಿಗೆ ನಾನು ಚೆನ್ನೈಯ ಐಟಿಸಿ ಗ್ರ್ಯಾಂಡ್ ಚೋಳ ಹೊಟೇಲಿನ ಒಳಗಿರುವ ಆವರ್ತನ ರೆಸ್ಟೋರೆಂಟ್ ಹೇಳ್ತೇನೆ. 2017ರಲ್ಲಿ ಶುರುವಾದದ್ದು, ಪೂರ್ತಿ ದಕ್ಷಿಣ ಭಾರತದ ರುಚಿ, ಅದನ್ನೇ ಹೊಸ ರೂಪದಲ್ಲಿ ಕೊಡ್ತಾರೆ, 7ರಿಂದ 13 ತಟ್ಟೆವರೆಗೆ ಬೇರೆ ಬೇರೆ ಮೆನು, ವೆಜ್ಜೂ ಉಂಟು. ಮಧ್ಯಾಹ್ನ ಕಾಸರಗೋಡಿನಲ್ಲಿ ಮಂಗಳೂರು–ಚೆನ್ನೈ ಮೇಲ್ ಹತ್ತಿದ್ರೆ ಮರುದಿನ ಬೆಳಿಗ್ಗೆ ಅಲ್ಲಿ. ಬೆಂಗಳೂರಿನ ಹೊರಗೆ ತೋಟದೊಳಗೆ ಫಾರ್ಮ್‌ಲೋರ್ ಉಂಟು, ಮುಂಬೈಯಲ್ಲಿ 2016ರಿಂದ ಮಾಸ್ಕ್ ಅಂತ ಒಂದು ರೆಸ್ಟೋರೆಂಟ್ ಉಂಟು. ದುಬೈಯಲ್ಲಾದ್ರೆ ಟ್ರೆಸಿಂಡ್ ಸ್ಟುಡಿಯೋ, 2025ರಲ್ಲಿ ಅದಕ್ಕೆ ಮೂರು ಮಿಷೆಲಿನ್ ಸ್ಟಾರ್ (ಹೊಟೇಲುಗಳ ಅಡುಗೆಗೆ ಮಿಷೆಲಿನ್ ಗೈಡ್ ಕೊಡುವ ಗೌರವ, ಮೂರೇ ಅತಿ ಹೆಚ್ಚು) ಬಂತು, ಭಾರತೀಯ ಅಡುಗೆಯ ಹೊಟೇಲಿಗೆ ಮೂರು ಸ್ಟಾರ್ ಬಂದದ್ದು ಪ್ರಪಂಚದಲ್ಲೇ ಅದು ಮೊದಲು. ಸೀಟು ಕಡಿಮೆ, ಮಗ ರಜೆ ಗೊತ್ತಾದ ಕೂಡಲೇ ಬುಕ್ ಮಾಡ್ಲಿ.

ದುಡ್ಡಿನ ವಿಷಯ ಮನೆಯಲ್ಲೇ ಮಾತಾಡಿ ಮುಗಿಸಿ, ಟೇಬಲ್‌ನಲ್ಲಿ ಬೇಡ. ಬರೆದ ರೇಟೇ ಬಿಲ್ ಅಲ್ಲ. ಒಂದು ದಿನಕ್ಕೆ 7,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ರೂಮಿರುವ ದೊಡ್ಡ ಹೊಟೇಲಿನ ಒಳಗೆ ಊಟಕ್ಕೆ ಜಿಎಸ್‌ಟಿ 18%, ಹೊರಗಿನ ಸಾಮಾನ್ಯ ರೆಸ್ಟೋರೆಂಟ್‌ಗೆ 5%. ಉದಾಹರಣೆಗೆ ಒಬ್ಬರಿಗೆ 5,000 ಅಂತ ಇಟ್ಕೊಳ್ಳಿ, ಅದಕ್ಕೆ 10% ಸರ್ವಿಸ್ ಚಾರ್ಜ್ ಸೇರಿದ್ರೆ 5,500, ಅದರ ಮೇಲೆ 18% ಅಂದ್ರೆ 6,490 ಆಯ್ತು. ಸರ್ವಿಸ್ ಚಾರ್ಜ್ ಕಡ್ಡಾಯ ಅಲ್ಲ, ಅದನ್ನು ತಾವಾಗಿ ಬಿಲ್ಲಿಗೆ ಸೇರಿಸ್ಬಾರ್ದು ಅಂತ 2022ರಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿದೆ, 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನೇ ಎತ್ತಿ ಹಿಡಿದಿದೆ, ಬೇಡ ಅಂತಾದ್ರೆ ತೆಗೀಲಿಕ್ಕೆ ಹೇಳಿ. ನೀರಿಗೆ ಬಾಟ್ಲಿ ತರ್ತಾರೆ, ರೆಗ್ಯುಲರ್ ವಾಟರ್ ಸಾಕು ಅಂದ್ರೆ ಸಾಕು.

ಹೋಗುವ ದಿನ ಉಪವಾಸ ಕೂರ್ಬೇಡಿ. ಮಧ್ಯಾಹ್ನ ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ, ಚೂರು ಉಪ್ಪಿನಕಾಯಿ, ಅಷ್ಟು ಸಾಕು. ಎರಡೂವರೆ ಮೂರು ಗಂಟೆ ಕೂತು ಉಣ್ಣುವುದು, ಖಾಲಿ ಹೊಟ್ಟೆಯಲ್ಲಿ ಹೋದ್ರೆ ಮೊದಲ ಮೂರು ತಟ್ಟೆಯ ರುಚಿಯೇ ಗೊತ್ತಾಗುವುದಿಲ್ಲ. ಎಲೆ ಅಡಿಕೆ ಹಾಕುವ ಅಭ್ಯಾಸ ಇದ್ದವರು ಸಂಜೆಯ ಒಂದು ವೀಳ್ಯ ಬಿಡಿ, ಸುಣ್ಣ ಅಡಿಕೆಯ ಒಗರಿಗೆ ನಾಲಗೆ ಜಡ್ಡು ಕಟ್ತದೆ. ಸೆಂಟು ಅತ್ತರು ಜೋರಾಗಿ ಬೇಡ, ಯಾಕಂದ್ರೆ ಅರ್ಧ ರುಚಿ ಪರಿಮಳದಲ್ಲೇ ಇರುವುದು. ಸಮಯಕ್ಕೆ ಸರಿಯಾಗಿ ಹೋಗಿ, ಸಣ್ಣ ಜಾಗಗಳಲ್ಲಿ ಎಲ್ಲರಿಗೂ ಒಟ್ಟಿಗೆ ಶುರು ಮಾಡ್ತಾರೆ, ಅದೇ ರಾತ್ರಿಯ ರೈಲಿಗೆ ಟಿಕೆಟ್ ಮಾಡ್ಲೇಬೇಡಿ.

ಕೂತ ಮೇಲೆ ಬಡಿಸುವವರು ಪ್ರತಿ ತಟ್ಟೆಗೂ ವಿವರಣೆ ಕೊಡ್ತಾರೆ, ಇಂಗ್ಲಿಷಲ್ಲಿ, ಸ್ವಲ್ಪ ಫಾಸ್ಟಾಗಿ. ಅರ್ಥ ಆಗ್ಲಿಲ್ಲ ಅಂದ್ರೆ ಇನ್ನೊಮ್ಮೆ ಕೇಳಿ, ದುಬೈಯಲ್ಲಾದ್ರೆ ಮಲಯಾಳಿ ಹುಡುಗರು ಸಿಕ್ಕಿಯಾರು, ಮಲಯಾಳಂನಲ್ಲಿ ಕೇಳಿದ್ರೆ ಅಮ್ಮನಿಗೂ ನೇರ ಅರ್ಥ ಆಗ್ತದೆ. ಮುಖ್ಯ ಪ್ರಶ್ನೆ ಮೂರೇ: ಇದನ್ನು ಎಲ್ಲಿಂದ ಶುರು ಮಾಡುವುದು, ಕೈಯಲ್ಲಾ ಚಮಚದಲ್ಲಾ, ಒಂದೇ ತುತ್ತಾ ಅಲ್ವಾ. ಮೂರನೇ ಪ್ರಶ್ನೆ ಬಹಳ ಮುಖ್ಯ. ಕೆಲವು ಸಲ ಬರುವುದು ನೋಡ್ಲಿಕ್ಕೆ ಸಣ್ಣ ಬಿಳಿ ಉಂಡೆ, ಚಮಚದಲ್ಲಿ ನಡುಗ್ತಾ ಇರ್ತದೆ, ಒಳಗೆ ಪೂರ್ತಿ ಮೊಸರಿನ ನೀರು. ಸೋಡಿಯಂ ಆಲ್ಜಿನೇಟ್ ಅಂತ ಕಡಲಪಾಚಿಯ ಪುಡಿ ಉಂಟು, ಅದಕ್ಕೆ ಕ್ಯಾಲ್ಸಿಯಂ ತಾಗಿದ ಕೂಡಲೇ ತೆಳ್ಳಗೆ ಒಂದು ಪೊರೆ ಕಟ್ತದೆ, ಮೊಸರಲ್ಲಿ ಕ್ಯಾಲ್ಸಿಯಂ ಇದ್ದೇ ಇರುವುದರಿಂದ ಅದನ್ನು ಆಲ್ಜಿನೇಟ್ ನೀರಿಗೆ ಬಿಟ್ರೆ ಹೊರಗೆ ಪೊರೆ, ಒಳಗೆ ದ್ರವ. ಸ್ಪೇನಿನ ಎಲ್ ಬುಲ್ಲಿ ಹೊಟೇಲಿನ ಫೆರಾನ್ ಆದ್ರಿಯಾ ಈ ಕ್ರಮವನ್ನು ಅಡುಗೆಯಲ್ಲಿ ಪ್ರಸಿದ್ಧ ಮಾಡಿದ್ದು. ಇದನ್ನು ಕಚ್ಚಿ ಅರ್ಧ ಮಾಡ್ಲಿಕ್ಕೆ ಹೋದ್ರೆ ಸೀರೆ ಮೇಲೆಲ್ಲ ಆಗ್ತದೆ, ಇಡಿಯಾಗಿ ಬಾಯಿಗೆ ಹಾಕಿ ತುಟಿ ಮುಚ್ಚಿ, ಆಮೇಲೆ ನಾಲಗೆಯಲ್ಲಿ ಒತ್ತಿ.

ಹೊಗೆ ಬರುವ ತಟ್ಟೆ ಬಂದ್ರೆ ಮಾತ್ರ ಜಾಗ್ರತೆ. ದ್ರವ ನೈಟ್ರೋಜನ್ ಅಂದ್ರೆ ಮೈನಸ್ 196 ಡಿಗ್ರಿ, ಡ್ರೈ ಐಸ್ (ಗಟ್ಟಿ ಮಾಡಿದ ಕಾರ್ಬನ್ ಡೈಆಕ್ಸೈಡ್) ಮೈನಸ್ 78. 2024ರ ಮಾರ್ಚ್‌ನಲ್ಲಿ ಗುರುಗ್ರಾಮದ ಒಂದು ಕೆಫೆಯಲ್ಲಿ ಡ್ರೈ ಐಸನ್ನು ಬಾಯಿಗೆ ಹಾಕಿದವರು ರಕ್ತ ಕಾರಿ ಆಸ್ಪತ್ರೆ ಸೇರಿದ್ರು. ಹೊಗೆ ಪೂರ್ತಿ ನಿಲ್ಲುವವರೆಗೆ ಬಾಯಿಗೆ ಇಡ್ಬೇಡಿ, ಮಕ್ಕಳ ಕೈ ಹಿಡ್ಕೊಳ್ಳಿ.

ಹಂತಿಯಲ್ಲಿ ಒಬ್ಬರು ಮೊದ್ಲೇ ಏಳ್ಬಾರ್ದು ಅಂತ ಉಂಟಲ್ಲ, ಇಲ್ಲಿಯೂ ಹೆಚ್ಚುಕಡಿಮೆ ಹಾಗೇ. ಒಬ್ಬರು ಎದ್ದು ಬಾತ್‌ರೂಮಿಗೆ ಹೋದ್ರೆ ಇಡೀ ಟೇಬಲಿನ ಮುಂದಿನ ತಟ್ಟೆ ಒಳಗೆ ನಿಲ್ತದೆ, ಬಿಸಿ ಆರ್ತದೆ, ಹಾಗಾಗಿ ತಿಂದು ಮುಗಿದ ಕೂಡಲೇ ಹೇಳಿ ಹೋಗಿ. ಹೊಟ್ಟೆ ತುಂಬ್ತಾ ಬಂದ್ರೆ ಮುಂದಿನದ್ದು ನನಗೆ ಅರ್ಧ ಸಾಕು ಅಂತ ಹೇಳ್ಬಹುದು, ಯಾರೂ ತಪ್ಪು ತಿಳ್ಕೊಳ್ಳುವುದಿಲ್ಲ. ಅಮ್ಮ ಎರಡು ತಟ್ಟೆ ಆದ್ಮೇಲೆ ಫೋರ್ಕ್ ಬದಿಗಿಟ್ಟು ಕೈಯಲ್ಲೇ ತಿಂದ್ರು, ಬಡಿಸುವ ಹುಡುಗ ತಾನೇ ಬಿಸಿನೀರಿನ ಟವೆಲ್ ತಂದು ಕೊಟ್ಟ.

ಎರಡನೇ ಸಲ ಚೆನ್ನೈಯಲ್ಲಿ ಬಂದದ್ದರಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಸಾರು. ಕಾಲಿರುವ ಗ್ಲಾಸಿನಲ್ಲಿ ತಿಳಿಯಾದ ನೀರು, ಟೊಮೆಟೊ ಬಣ್ಣವೇ ಇಲ್ಲ, ಆದ್ರೆ ಮೂಗಿನ ಹತ್ತಿರ ತಂದ್ರೆ ಕೊತ್ತಂಬರಿ ಸೊಪ್ಪಿನ ಪರಿಮಳ, ಬಾಯಿಗೆ ಬಂದ್ರೆ ಅಪ್ಪಟ ಸಾರು. ಅಪ್ಪ ಗ್ಲಾಸನ್ನು ದೀಪದ ಕಡೆ ಎತ್ತಿ ಹಿಡಿದು ನೋಡಿದ್ರು, ಒಂದು ಗುಟುಕು ಕುಡಿದ್ರು, ಇನ್ನೊಮ್ಮೆ ನೋಡಿದ್ರು, ಇದರಲ್ಲಿ ಬೇಳೆ ಹಾಕ್ಲಿಲ್ಲ ಅಂತ ಅಮ್ಮನಿಗೆ ಹೇಳಿದ್ರು. ಆ ಸಲ ಅವರ ತಟ್ಟೆಯಲ್ಲಿ ಒಂದೂ ಉಳೀಲಿಲ್ಲ.

ಊರಿಗೆ ಬಂದು ಅಮ್ಮ ಅದನ್ನು ತನ್ನದೇ ಕ್ರಮದಲ್ಲಿ ಮಾಡಿ ನೋಡಿದ್ರು, ನೀವೂ ಮಾಡ್ಬಹುದು. ಒಂದು ಕಿಲೋ ಹಣ್ಣಾದ ಟೊಮೆಟೊ ಹಸಿಯಾಗಿಯೇ ಉಪ್ಪು ಹಾಕಿ ಅರೆದು, ತೆಳ್ಳಗಿನ ಒಗೆದ ಪಂಚೆಯಲ್ಲಿ ಕಟ್ಟಿ, ಕೆಳಗೆ ಪಾತ್ರೆ ಇಟ್ಟು ರಾತ್ರಿ ತೂಗು ಹಾಕಿ. ಈಗಿನ ಸೆಕೆಗೆ ಹೊರಗಿಟ್ರೆ ಹುಳಿ ಬರ್ತದೆ, ಫ್ರಿಜ್ಜಿನಲ್ಲಿ ಜಾಗ ಮಾಡಿ. ಬೆಳಿಗ್ಗೆ ಪಾತ್ರೆಯಲ್ಲಿ ತಿಳಿನೀರು ಇರ್ತದೆ. ಅದಕ್ಕೆ ಜಜ್ಜಿದ ಜೀರಿಗೆ, ಒಳ್ಳೆಮೆಣಸು (ಕಾಳುಮೆಣಸು), ಕೊತ್ತಂಬರಿ ಸೊಪ್ಪು ಹಾಕಿ ಬಿಸಿ ಮಾಡಿ, ಕುದಿ ಬರುವ ಮೊದ್ಲೇ ಇಳಿಸಿ ಸೋಸಿ. ಬಟ್ಟೆಯನ್ನು ಮಾತ್ರ ಹಿಂಡ್ಬೇಡಿ, ಹಿಂಡಿದ್ರೆ ಕೆಂಪು ಇಳಿದು ಕದಡಿ ಹೋಗ್ತದೆ.