ತಾರಸಿಯ ಮೇಲೊಂದು ಶಂಕು

ಬೆಂಗಳೂರಿನ ನಮ್ಮ ಮನೆಯ ತಾರಸಿಯಲ್ಲಿ ಒಂದು ಮೀಟರ್ ಎತ್ತರದ ಕಬ್ಬಿಣದ ಸಲಾಕೆಯನ್ನು ನಿಲ್ಲಿಸಿ, ಎರಡು ವರ್ಷ ಅದರ ನಡುಹಗಲಿನ ನೆರಳನ್ನು ಅಳೆದೆ. ಹೀಗೆ ನೆರಳು ಅಳೆಯಲು ನೆಟ್ಟಗೆ ನಿಲ್ಲಿಸುವ ಕೋಲೇ ಶಂಕು; ಹಳೆಯ ಗಣಿತ ಗ್ರಂಥಗಳಲ್ಲಿ ಅದಕ್ಕೆ ಹನ್ನೆರಡು ಅಂಗುಲದ ಎತ್ತರ. ನಾನು ಮೀಟರನ್ನು ಆರಿಸಿಕೊಂಡದ್ದು ಲೆಕ್ಕದ ಸೋಮಾರಿತನದಿಂದ.

ಶಂಕುವಿನ ಬುಡದ ಸುತ್ತ ವೃತ್ತ ಎಳೆದು, ಬೆಳಗ್ಗೆ ನೆರಳಿನ ತುದಿ ಅದರೊಳಕ್ಕೆ ಬರುವ ಬಿಂದುವನ್ನೂ ಮಧ್ಯಾಹ್ನದ ಮೇಲೆ ಹೊರಬೀಳುವ ಬಿಂದುವನ್ನೂ ಸೇರಿಸಿದರೆ ಪೂರ್ವ-ಪಶ್ಚಿಮ ರೇಖೆ ಸಿಗುತ್ತದೆ. ಅದಕ್ಕೆ ಲಂಬವಾಗಿ ಎಳೆದದ್ದೇ ಉತ್ತರ-ದಕ್ಷಿಣ. ಗಡಿಯಾರದ ಹನ್ನೆರಡನ್ನು ಮಾತ್ರ ನಂಬಬಾರದು. ಇಲ್ಲಿ ನೆರಳು ಆ ರೇಖೆಯ ಮೇಲೆ ಬರುವುದು ನವೆಂಬರ್ ಆರಂಭದಲ್ಲಿ 12.03ಕ್ಕೆ, ಫೆಬ್ರವರಿ ಮಧ್ಯದಲ್ಲಿ 12.34ಕ್ಕೆ.

ಮೊದಲ ಡಿಸೆಂಬರಿನಲ್ಲಿ 73.8 ಸೆಂ.ಮೀ. ಇರಬೇಕಾದ ನೆರಳು ಏಳೆಂಟು ಮಿಲಿಮೀಟರ್ ಹೆಚ್ಚಾಗಿಯೇ ಸಿಗುತ್ತಿತ್ತು. ಮಳೆನೀರು ಹರಿಯಲೆಂದು ಮೇಸ್ತ್ರಿ ತಾರಸಿಗೆ ಉತ್ತರದ ಕಡೆ ಕೊಟ್ಟಿದ್ದ ಇಳಿಜಾರು ನನಗೆ ಹೊಳೆದದ್ದು ರಸಮಟ್ಟ ಇಟ್ಟು ನೋಡಿದ ಮೇಲೆ. ಕಡಪ ಕಲ್ಲೊಂದನ್ನು ಮಟ್ಟಸವಾಗಿ ಕೂರಿಸಿದೆ. ಮಸುಕಾದ ನೆರಳಿನ ತುದಿಯ ಕಾಟ ತಪ್ಪಿಸಲು ಸಲಾಕೆಯ ತಲೆಗೆ ಸಣ್ಣ ರಂಧ್ರದ ತಗಡನ್ನು ಅಡ್ಡಲಾಗಿ ಬಿಗಿದು, ತೂಗುಗುಂಡು ತೋರಿಸಿದ ಬಿಂದುವಿನಿಂದ ಬೆಳಕಿನ ಚುಕ್ಕೆಯ ನಡುವಿನವರೆಗೆ ಅಳೆಯತೊಡಗಿದೆ.

ಹಗಲು-ಇರುಳು ಸಮವಾಗುವ ವಿಷುವದ ಹೊತ್ತಿಗೆ ಚುಕ್ಕೆ ದಿನಕ್ಕೆ ಏಳು ಮಿಲಿಮೀಟರ್ ಸರಿಯುವುದರಿಂದ, 23 ಸೆಂ.ಮೀ. ಗುರುತನ್ನು ದಾಟುವ ದಿನ ಸುಲಭವಾಗಿ ಸಿಗುತ್ತದೆ. ಸೂರ್ಯ ಉತ್ತರಕ್ಕೋ ದಕ್ಷಿಣಕ್ಕೋ ತಿರುಗುವ ಅಯನದ ಹೊತ್ತಿಗೆ ಐದು ದಿನವಾದರೂ ಎರಡು ಮಿಲಿಮೀಟರ್ ಕದಲುವುದೇ ಹೆಚ್ಚು. ಆ ದಿನವನ್ನು ನೇರವಾಗಿ ಹಿಡಿಯಲಾಗದು, ಎರಡು ಕಡೆಯಿಂದ ಬಳಸಿಕೊಂಡು ಬರಬೇಕು: ನವೆಂಬರ್ 22ರಂದು 65 ಸೆಂ.ಮೀ. ಇದ್ದ ನೆರಳು ಮತ್ತೆ ಅಷ್ಟೇ ಆದದ್ದು ಜನವರಿ 20ರಂದು. ನಡುವಿನ ದಿನ ಡಿಸೆಂಬರ್ 21. ಏಪ್ರಿಲ್ 24ರ ಸುಮಾರಿಗೆ ನೆರಳು ಶೂನ್ಯವಾಗಿ, ಆಮೇಲೆ ಆಗಸ್ಟ್ 18ರವರೆಗೆ ದಕ್ಷಿಣಕ್ಕೆ ಬೀಳುತ್ತದೆ. ಜೂನ್ ಅಯನವನ್ನು ಎರಡೂ ವರ್ಷ ಮೋಡ ನುಂಗಿತು.

ಸಂಕ್ರಾಂತಿಯಂದು ಅಳೆದಾಗ ನೆರಳು 68 ಸೆಂ.ಮೀ.ಗೆ ಇಳಿದಿತ್ತು. ಪಂಚಾಂಗದ ಮಕರ ಸಂಕ್ರಮಣ ನಕ್ಷತ್ರಗಳನ್ನು ಅನುಸರಿಸುತ್ತದೆ. ಭೂಮಿಯ ಅಕ್ಷ ಸುಮಾರು 72 ವರ್ಷಕ್ಕೊಂದು ಡಿಗ್ರಿಯಂತೆ ಹೊರಳುತ್ತಿರುವುದರಿಂದ ಅದು ನಿಜವಾದ ಉತ್ತರಾಯಣಕ್ಕಿಂತ ಮೂರು ವಾರಕ್ಕೂ ಹೆಚ್ಚು ತಡವಾಗಿ ಬರುತ್ತಿದೆ. ಎಳ್ಳು-ಬೆಲ್ಲ ಕೊಡಲು ತಾರಸಿಗೆ ಬಂದ ಅಮ್ಮ, ಡಿಸೆಂಬರಿನ ಗೆರೆಗೂ ಅಂದಿನ ಗೆರೆಗೂ ನಡುವೆ ಬೆರಳಿಟ್ಟು ನೋಡಿ, “ಮೂರು ಬೆರಳಷ್ಟು ಆಗಲೇ ಹೋಗಿಬಿಟ್ಟಿದೆಯಲ್ಲೋ” ಎಂದರು.